ತಪ್ಪು ಕೈಯದೋ, ಗುಂಡಿಯದೋ?

ಕೃಷ್ಣರಾಜಪುರದಲ್ಲಿ ನಮ್ಮ ನೆರೆಯವರಾದ ಹಿರಿಯರೊಬ್ಬರು ಒಂದು ಕಾಲಕ್ಕೆ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರದ ಮುಂದೆ ನಿಂತು ದುಡಿದವರು. ತಗಡನ್ನು ಅಚ್ಚಿನೊಳಗಿರಿಸಿ ಗುಂಡಿಯನ್ನೊತ್ತಿದರೆ ಮೇಲಿನ ಭಾರ ಧಡಕ್ಕನೆ ಇಳಿದು ಬೇಕಾದ ಆಕಾರವನ್ನು ಒತ್ತುವ ಯಂತ್ರವದು. ಒಂದು ಕೈ ಗುಂಡಿಯ ಮೇಲೆ, ಇನ್ನೊಂದು ಅಚ್ಚಿನ ಬಾಯಲ್ಲಿ. ಹೀಗೆ ಬೆರಳು ಕಳೆದುಕೊಂಡವರನ್ನು ಅವರು ಕಣ್ಣಾರೆ ಕಂಡಿದ್ದರು. ಪ್ರತಿ ಸಾರಿಯೂ ಪುಸ್ತಕದಲ್ಲಿ ದಾಖಲಾಗುತ್ತಿದ್ದುದು ಒಂದೇ ಮಾತು: ‘ಕೆಲಸಗಾರನ ಅಜಾಗರೂಕತೆ.’ ಮುಂದೆ ಯಂತ್ರಕ್ಕೆ ಒಂದರ ಬದಲು ಎರಡು ಗುಂಡಿಗಳು ಬಂದವು. ಎರಡೂ ದೂರ ದೂರ. ಎರಡನ್ನೂ ಒಮ್ಮೆಗೇ ಒತ್ತಿದ ಹೊರತು ಭಾರ ಇಳಿಯದು. ಎರಡು ಕೈಗಳೂ ಹೊರಗೇ ಇರಬೇಕಾದ ಮೇಲೆ ಬೆರಳು ಹೋಗುವುದೆಂತು? “ಕೆಲಸದವರು ಅವರೇ, ಮೇಷ್ಟ್ರೇ. ಅಜಾಗರೂಕತೆ ಮಾತ್ರ ಎಲ್ಲಿ ಹೋಯಿತೋ!” ಎಂದರು ಆ ಹಿರಿಯರು.

ಹಿರಿಯರು ಹೇಳಿದ್ದಕ್ಕೆ ವಿದ್ವಾಂಸರು ಇಟ್ಟಿರುವ ಹೆಸರು ಎರ್ಗೊನಾಮಿಕ್ಸ್. ಗ್ರೀಕ್ ಭಾಷೆಯ ‘ಎರ್ಗೊನ್’ ಎಂದರೆ ಕೆಲಸ, ‘ನೊಮೊಸ್’ ಎಂದರೆ ನಿಯಮ. ಮನುಷ್ಯನನ್ನು ಯಂತ್ರಕ್ಕೆ ಒಗ್ಗಿಸುವುದರ ಬದಲು ಯಂತ್ರವನ್ನೇ ಮನುಷ್ಯನಿಗೆ ಒಗ್ಗಿಸುವ ಶಾಸ್ತ್ರವಿದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ–17 ಬಾಂಬರ್ ವಿಮಾನಗಳು ನೆಲಕ್ಕಿಳಿದ ಮೇಲೆ ಚಾಲಕರು ರೆಕ್ಕೆಯ ಫ್ಲಾಪುಗಳನ್ನು ಎತ್ತುವ ಬದಲು ಚಕ್ರಗಳನ್ನೇ ಎತ್ತಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಆಲ್ಫೋನ್ಸ್ ಚಾಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಚಾಲಕರ ಬುದ್ಧಿಯನ್ನು ಪರೀಕ್ಷಿಸುವ ಬದಲು ಅವರು ಕೂರುವ ಜಾಗವನ್ನು ನೋಡಿದರು. ಎರಡು ಸ್ವಿಚ್ಚುಗಳೂ ಒಂದೇ ರೂಪದವು, ಒಂದರ ಪಕ್ಕದಲ್ಲೊಂದು. ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರವನ್ನೂ ಫ್ಲಾಪಿನ ಹಿಡಿಗೆ ಬೆಣೆಯಾಕಾರದ ತುಂಡನ್ನೂ ಜೋಡಿಸಿದ್ದೇ ಅವರು ಕೊಟ್ಟ ಮದ್ದು. 1947ರಲ್ಲಿ ಫಿಟ್ಸ್ ಮತ್ತು ಜೋನ್ಸ್ ಎಂಬಿಬ್ಬರು, ‘ಚಾಲಕನ ತಪ್ಪು’ ಎನಿಸಿಕೊಂಡ 460 ಪ್ರಸಂಗಗಳನ್ನು ಇದೇ ಕಣ್ಣಿನಿಂದ ಪರಿಶೀಲಿಸಿ ಬರೆದರು.

ಹಳೆಯ ಯುದ್ಧದ ಕಥೆಯೆಂದು ವಾಚಕರು ಇದನ್ನು ಬದಿಗಿಡುವಂತಿಲ್ಲ. ನಮ್ಮ ಊರಿನಿಂದ ಕೆಲವೇ ಮೈಲಿ ದೂರದಲ್ಲಿ, ಎಚ್.ಎ.ಎಲ್. ವಿಮಾನ ನಿಲ್ದಾಣದ ಅಂಚಿನಲ್ಲಿ, ಅದೇ ಪ್ರಶ್ನೆ ಮತ್ತೊಮ್ಮೆ ಎದ್ದಿತು.

1990ರ ಫೆಬ್ರವರಿ 14. ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 605ನೆಯ ವಿಮಾನ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಇಳಿಯಲು ಬರುತ್ತಿತ್ತು. ಆಕಾಶ ತಿಳಿಯಾಗಿತ್ತು, ರನ್‌ವೇ ಕಣ್ಣೆದುರಿಗೇ ಇತ್ತು. ವಿಮಾನ ಏರ್‌ಬಸ್ ಎ–320, ಹೊಚ್ಚ ಹೊಸದು. ಚಾಲಕರಿಬ್ಬರೂ ಅನುಭವಿಗಳು, ಆದರೆ ಅಂದು ಅವರಲ್ಲೊಬ್ಬರು ಪರೀಕ್ಷಕರು, ಇನ್ನೊಬ್ಬರು ಪರೀಕ್ಷಾರ್ಥಿ. ರನ್‌ವೇ ಇನ್ನೂ ಮುಂದಿರುವಾಗಲೇ ವಿಮಾನ ಗಾಲ್ಫ್ ಮೈದಾನದ ನೆಲಕ್ಕೆ ತಾಗಿ, ಪುಟಿದು, ದಿಣ್ಣೆಯೊಂದಕ್ಕೆ ಬಡಿದು ಉರಿದುಹೋಯಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ತೀರಿಹೋದರು.

ವಿಮಾನಕ್ಕೆ ಯಾವ ರೋಗವೂ ಇರಲಿಲ್ಲ. ಇಳಿಯುವ ಕೊನೆಯ ಘಟ್ಟದಲ್ಲಿ ಅದರ ಗಣಕ ‘ಐಡಲ್ ಓಪನ್ ಡಿಸೆಂಟ್’ ಎಂಬ ಕ್ರಮದಲ್ಲಿತ್ತು. ಎಂದರೆ ಎಂಜಿನ್ನುಗಳು ಮಂದವಾಗಿ ತಿರುಗುತ್ತಿರಲು ವಿಮಾನ ಸುಮ್ಮನೆ ಕೆಳಗಿಳಿಯುವ ಕ್ರಮ. ಎತ್ತರದಲ್ಲಿ ಅದು ಸರಿ; ನೆಲ ಸಮೀಪಿಸಿದಾಗ ಪ್ರಾಣಾಂತಿಕ. ವೇಗ ಕುಗ್ಗುತ್ತ ಹೋಯಿತು. ಈ ಕ್ರಮ ಹೊಕ್ಕಿದ್ದು ಹೇಗೆ? ತಜ್ಞರು ಮುಂದಿಟ್ಟ ಊಹೆಯೊಂದಿದೆ. ನಿಮಿಷಕ್ಕೆ 700 ಅಡಿಯಂತೆ ಇಳಿಯೋಣವೆಂಬ ಮಾತು ಚಾಲಕರಲ್ಲಿ ನಡೆದಿತ್ತು. ಇಳಿಯುವ ವೇಗವನ್ನು ಗೊತ್ತುಮಾಡುವ ಗುಂಡಿ ಒಂದು, ಮುಟ್ಟಬೇಕಾದ ಎತ್ತರವನ್ನು ಗೊತ್ತುಮಾಡುವ ಗುಂಡಿ ಇನ್ನೊಂದು. ಎರಡೂ ಒಂದೇ ಫಲಕದಲ್ಲಿ ಅಕ್ಕಪಕ್ಕ. ಕೈ ಮೊದಲನೆಯದರ ಬದಲು ಎರಡನೆಯದನ್ನು ತಿರುಗಿಸಿದ್ದರೆ? ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿರುವ ಬೆಂಗಳೂರಿನಲ್ಲಿ 700 ಅಡಿಯ ಎತ್ತರವೆಂದರೆ ಭೂಗರ್ಭ! ಯಂತ್ರ ವಿಧೇಯವಾಗಿ ಅತ್ತಲೇ ಹೊರಟಿತು.

ಇಷ್ಟೇ ಅಲ್ಲ. ದಾರಿ ತೋರುವ ‘ಫ್ಲೈಟ್ ಡೈರೆಕ್ಟರ್’ ಉಪಕರಣ ಇಬ್ಬರು ಚಾಲಕರಿಗೂ ಒಂದೊಂದಿರುತ್ತದೆ. ಎರಡನ್ನೂ ಆರಿಸಿದ್ದರೆ ಗಣಕ ವೇಗವನ್ನು ತಾನೇ ಕಾಪಾಡಿಕೊಳ್ಳುತ್ತಿತ್ತು. ಅಂದು ಒಂದು ಆರಿತು, ಇನ್ನೊಂದು ಉಳಿಯಿತು. ಹಳೆಯ ವಿಮಾನಗಳಲ್ಲಿ ಎಂಜಿನ್ನಿನ ಬಲ ತಗ್ಗಿದರೆ ಥ್ರಾಟಲ್ ಹಿಡಿಕೆಯೂ ಹಿಂದಕ್ಕೆ ಸರಿಯುವುದುಂಟು. ಅದರ ಮೇಲಿಟ್ಟ ಅಂಗೈಗೆ ಸುದ್ದಿ ತಲಪುತ್ತದೆ. ಈ ವಿಮಾನದಲ್ಲಿ ಗಣಕ ಬಲವನ್ನು ಎಷ್ಟೇ ಏರಿಸಲಿ, ಇಳಿಸಲಿ, ಹಿಡಿಕೆ ಇದ್ದಲ್ಲೇ ಇರುತ್ತದೆ. ಸುದ್ದಿಯನ್ನು ಕಣ್ಣೇ ಹುಡುಕಿ ಓದಬೇಕು.

ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಯಿತು. ನೆಲದ ದೂರವನ್ನು ಯಂತ್ರದ ದನಿ ನಾನೂರು, ಮುನ್ನೂರು, ಇನ್ನೂರು ಎಂದು ಕೂಗಿದರೂ ಚಾಲಕರು ಅಪಾಯವನ್ನರಿತು ಕೂಡಲೇ ಥ್ರಾಟಲನ್ನು ಮುಂದೂಡಲಿಲ್ಲ, ಇದೇ ಸಂಭಾವ್ಯ ಕಾರಣ ಎಂದಿತು ವರದಿ. ಆ ಕ್ರಮ ತೊಡಗಿದ್ದೇಕೆಂಬುದನ್ನು ಗುರುತಿಸುವುದು ಸಾಧ್ಯವಿಲ್ಲವೆಂದೂ ಅದೇ ವರದಿ ಒಪ್ಪಿಕೊಂಡಿತು. ಮೊದಲ ವಾಕ್ಯ ಜನರ ಬಾಯಲ್ಲಿ ಉಳಿಯಿತು. ಎರಡನೆಯದು ಕಡತದಲ್ಲಿ ಉಳಿಯಿತು.

ಚಾಲಕರಿಗೆ ಹೊಣೆಯೇ ಇಲ್ಲವೆಂದು ನಾನು ವಾದಿಸುವವನಲ್ಲ. ಹಾರಿಸುವುದು ಅವರ ಕೆಲಸ; ವೇಗವನ್ನು ನೋಡಬೇಕಾದವರೂ ಅವರೇ. ಆದರೆ ಇಬ್ಬರು ನುರಿತವರು ಬೆಳಕಿರುವ ಹಗಲಿನಲ್ಲಿ ಅದನ್ನು ಕಾಣದೇ ಹೋದದ್ದು ಏಕೆಂದು ಕೇಳದೆ ಬಿಟ್ಟರೆ, ಅದೇ ಕುರ್ಚಿಯಲ್ಲಿ ನಾಳೆ ಕೂರುವವನಿಗೆ ವಿಚಾರಣೆಯಿಂದ ದೊರೆತದ್ದಾದರೂ ಏನು? ಇಂಥ ಪ್ರಶ್ನೆಗಳಿಗೆಂದೇ ವಾಯುಪಡೆಯವರು 1957ರಲ್ಲಿ ಬೆಂಗಳೂರಿನಲ್ಲಿ ವೈಮಾನಿಕ ವೈದ್ಯಶಾಸ್ತ್ರದ ಶಾಲೆಯನ್ನು ತೆರೆದಿದ್ದರು. ಇಂದು ಅದು ಸಂಸ್ಥೆಯಾಗಿ ಬೆಳೆದಿದೆ. ಇರುವುದು ವಿಮಾನಪುರದಲ್ಲಿ, ದುರಂತದ ಜಾಗಕ್ಕೆ ತೀರ ಸಮೀಪದಲ್ಲಿ.

ಎರಡು ವರ್ಷವೂ ಕಳೆದಿರಲಿಲ್ಲ. 1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗಿನ ಬಳಿ ಇದೇ ಜಾತಿಯ ವಿಮಾನ ರಾತ್ರಿ ಬೆಟ್ಟಕ್ಕೆ ಬಡಿದು 87 ಮಂದಿ ಸತ್ತರು. ಅಲ್ಲಿ ತನಿಖೆಯವರ ಸಂದೇಹ ಹರಿದದ್ದು ಒಂದೇ ಕಿಂಡಿಯ ಕಡೆಗೆ. 3.3 ಡಿಗ್ರಿಯ ಇಳಿಜಾರೆಂದು ಚಾಲಕರು ತಿಳಿದದ್ದನ್ನು ಯಂತ್ರ ನಿಮಿಷಕ್ಕೆ 3,300 ಅಡಿಯ ಇಳಿವೇಗವೆಂದು ತಿಳಿದಿರಬೇಕು. ಎರಡೂ ಅಂಕಿಗಳು ಅದೇ ಕಿಂಡಿಯಲ್ಲಿ, ಹೆಚ್ಚುಕಡಮೆ ಒಂದೇ ಬಗೆಯಾಗಿ ಕಾಣುತ್ತಿದ್ದವು. ಅಲ್ಲಿಂದಾಚೆಗೆ ಇಳಿವೇಗವನ್ನು ‘33’ ಎಂದು ಮೊಟಕಾಗಿ ತೋರಿಸುವುದನ್ನು ಬಿಟ್ಟು, ‘3300’ ಎಂದು ನಾಲ್ಕು ಅಂಕಿಗಳಲ್ಲಿ ತೋರಿಸುವ ಏರ್ಪಾಡಾಯಿತು.