ನೀರಿಲ್ಲದ ಎಂಜಿನ್‌ಗೆ ಆಯಿಲ್ಲೇ ಆಸರೆ

ಈ ಎಂಜಿನ್‌ಗೆ ನೀರಿಲ್ಲ, ರೇಡಿಯೇಟರೂ ಇಲ್ಲ.
ರೇಸ್ ಟ್ರ್ಯಾಕ್‌ನಲ್ಲಿ ಇದನ್ನ ತಣ್ಣಗಿಡೋದು ಹೇಗೆ?

ಇದು ಹಳೇ ಪೋರ್ಷೆ 911.
1964ರಿಂದ 1998ರವರೆಗೆ ಬಂದ ಏರ್-ಕೂಲ್ಡ್ ಕಾರು.
ಹಿಂದುಗಡೆ ದೊಡ್ಡ ಫ್ಯಾನ್ ಇದೆ, ನಿಜ.
ಆದರೆ ಬಿಸಿಯನ್ನ ಹೊರಗೆ ಸಾಗಿಸೋದ್ರಲ್ಲಿ
ಆಯಿಲ್‌ದೂ ದೊಡ್ಡ ಪಾಲು.

ರಸ್ತೇಲಿ ತೊಂದ್ರೆ ಇಲ್ಲ.
ಟ್ರ್ಯಾಕ್‌ನಲ್ಲಿ ಪ್ರತಿ ಲ್ಯಾಪೂ ಹೈ ಆರ್‌ಪಿಎಂ.
ಆಯಿಲ್ 120 ಡಿಗ್ರಿ ದಾಟಿದ್ರೆ ತೆಳ್ಳಗಾಗುತ್ತೆ.
ಪ್ರೆಶರ್ ಇಳಿಯುತ್ತೆ.
ಬೇರಿಂಗ್ ಸವೆಯೋಕೆ ಶುರು.

ಪರಿಹಾರ? ದೊಡ್ಡ ಆಯಿಲ್ ಕೂಲರ್.
ಬಿಸಿ ಕಾಫೀನ ಅಗಲ ಬಟ್ಟಲಿಗೆ ಸುರಿದ್ರೆ ಬೇಗ ಆರುತ್ತಲ್ಲ,
ಹಾಗೇ ಇಲ್ಲಿ ಆಯಿಲ್ ತೆಳುವಾಗಿ ಹರಡಿಕೊಂಡು
ಗಾಳಿಗೆ ಬಿಸಿ ಬಿಟ್ಟುಕೊಡುತ್ತೆ.

ಅದನ್ನ ಮುಂದಿನ ಬಂಪರ್ ಮಧ್ಯದಲ್ಲಿ ಕೂರಿಸಿ.
ಗಾಳಿ ಒಳಗೆ ಬಂದ್ರೆ ಸಾಲದು,
ಹೊರಗೆ ಹೋಗೋಕೂ ದಾರಿ ಬೇಕು.
ಇಲ್ಲಾಂದ್ರೆ ಎಷ್ಟು ದೊಡ್ಡ ಕೂಲರ್ ಹಾಕಿದ್ರೂ ದಂಡ.

ಥರ್ಮೋಸ್ಟಾಟ್ ಮಾತ್ರ ತೆಗೀಬೇಡಿ.
ತಣ್ಣಗಿರೋ ಆಯಿಲ್ ದಪ್ಪ, ಸಲೀಸಾಗಿ ಹರಿಯಲ್ಲ.
ಮೊದಲು ಅದು ಬಿಸಿಯಾಗಲಿ,
ಆಮೇಲೆ ಕೂಲರ್‌ಗೆ ಹೋಗಲಿ.

ತಿರುವಲ್ಲಿ ಆಯಿಲ್ ಒಂದು ಕಡೆಗೆ ವಾಲಿದ್ರೆ?
911ಗೆ ಆ ಭಯ ಕಡಿಮೆ. ಇದು ಡ್ರೈ ಸಂಪ್,
ಆಯಿಲ್‌ಗೆ ಬೇರೆ ಟ್ಯಾಂಕೇ ಇದೆ.
ಆದರೆ ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಆಯಿಲ್ ಎಂಜಿನ್ ತಳದ ಸಂಪ್‌ನಲ್ಲೇ ಇರುತ್ತೆ.
ಜೋರು ತಿರುವಲ್ಲಿ ಪಂಪ್ ಗಾಳಿ ಎಳ್ಕೊಳ್ಳುತ್ತೆ.
ಅಲ್ಲಿ ಸಂಪನ್ನೇ ಮೊದಲು ಸರಿಮಾಡಿ.

ಕೊನೇ ಮಾತು, 911 ಇರೋರಿಗೆ.
ಆಯಿಲ್ ಮಟ್ಟ ನೋಡೋದು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ,
ಸಮತಟ್ಟು ಜಾಗದಲ್ಲಿ, ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗಲೇ.
ಟ್ರ್ಯಾಕ್‌ಗೆ ಇಳಿಯೋ ಮುಂಚೆ ತಪ್ಪದೇ ನೋಡಿ.