ಗಾಮದೇವಿಯ ಸಹಕಾರಿ ಬಿಡಾರಗಳು

ಒಂದೇ ಸೂರಿನಡಿಯಲ್ಲಿ, ಒಬ್ಬರ ತಲೆಯ ಮೇಲೊಬ್ಬರು ಸಂಸಾರ ಹೂಡುವ ಪದ್ಧತಿ ನಮ್ಮ ನಾಡಿಗೆ ಹಳೆಯದಲ್ಲ. ಅಟ್ಟವಿದ್ದ ಮನೆಗಳು ನಮ್ಮಲ್ಲಿಯೂ ಇದ್ದವು; ಆದರೆ ಅಟ್ಟದ ಮೇಲಿದ್ದುದು ಅಡಿಕೆ, ತೆಂಗಿನಕಾಯಿಗಳೇ ಹೊರತು ಪರರ ಕುಟುಂಬವಲ್ಲ. ಈ ಹೊಸ ಬಾಳುವೆ ಮುಂಬಯಿಯ ಮಧ್ಯಮ ವರ್ಗದವರಲ್ಲಿ ಬೇರೂರಿದ ಬಗೆಯನ್ನರಿಯಲು ಗಾಮದೇವಿ ಎಂಬ ಹಳೆಯ ಬಡಾವಣೆಯತ್ತ ನೋಡಬೇಕು. ಆ ಕಥೆಗೂ ನಮ್ಮ ಉತ್ತರ ಕನ್ನಡ ಜಿಲ್ಲೆಗೂ ನಂಟುಂಟು.

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದವನಿಗೆ ಮೊದಲು ದೊರೆಯುತ್ತಿದ್ದುದು ಚಾಳು. ಉದ್ದನೆಯ ಜಗಲಿ, ಅದರ ಗುಂಟ ಸಾಲುಸಾಲಾಗಿ ಖೋಲಿಗಳು. ನೀರಿನ ನಲ್ಲಿ, ಪಾಯಖಾನೆಗಳು ಮೂಲೆಯಲ್ಲೆಲ್ಲೋ, ಇಡೀ ಮಹಡಿಗೆಲ್ಲ ಸೇರಿ. ಅಡಿಗೆ, ಊಟ, ನಿದ್ದೆ, ಬಾಣಂತನ ಎಲ್ಲವೂ ಒಂದೇ ಖೋಲಿಯಲ್ಲಿ. 1896ರಲ್ಲಿ ಪ್ಲೇಗು ಕಾಲಿಟ್ಟಾಗ ಇಂಥ ಕಿಕ್ಕಿರಿದ ಕೇರಿಗಳು ತತ್ತರಿಸಿದವು. ಜನ ಊರು ಬಿಟ್ಟು ಓಡಿದರು. ಸರ್ಕಾರ ಎಚ್ಚೆತ್ತು 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ಟ್ರಸ್ಟು ಕೇರಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ಹಾಯಿಸಿತು, ಗಾಮದೇವಿಯಂಥ ಹೊಸ ಬಡಾವಣೆಗಳನ್ನು ರೂಪಿಸಿತು. ಆದರೆ ಕೆಡವುವುದರಲ್ಲಿದ್ದ ಉತ್ಸಾಹ ಬಡವರಿಗೆ ಕಟ್ಟಿಕೊಡುವುದರಲ್ಲಿರಲಿಲ್ಲ. ನಿವೇಶನಗಳು ಹಣವಂತರಿಗೆ ಎಟುಕಿದವು, ಕಚೇರಿಯ ಗುಮಾಸ್ತನಿಗೆಲ್ಲಿ?

ಇಲ್ಲಿಯೇ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರ ಹೆಸರು ಬರುತ್ತದೆ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕುಮಟಾ, ಹೊನ್ನಾವರಗಳ ಕಡೆಯಿಂದ ಚಿತ್ರಾಪುರ ಸಾರಸ್ವತ ತರುಣರು ಉಗಿಹಡಗನ್ನೇರಿ ನೌಕರಿಗಾಗಿ ಬರುತ್ತಿದ್ದರು. ತಾಲ್ಮಕಿಯವರು ಇವರಿಗಾಗಿ 1906ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಸಂಸ್ಥೆಯನ್ನು ಆರಂಭಿಸಿದ್ದರು. ಸಾಲಕ್ಕೆ ಸಹಕಾರವಾಗುವುದಾದರೆ ಸೂರಿಗೇಕಾಗದು? 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ಅದು ಮುಂಬಯಿಯಲ್ಲಿ ಈ ಬಗೆಯ ಮೊದಲ ಸಂಘ.

ಅದರ ಹಂಚಿಕೆ ಸರಳ, ಆದರೆ ಜಾಣತನದ್ದು. ಸದಸ್ಯನು ಪಾಲು ಕೊಳ್ಳುವನು. ಜಮೀನು, ಕಟ್ಟಡ ಸಂಘದ ಸ್ವತ್ತು. ಸದಸ್ಯನು ತನ್ನ ಬಿಡಾರಕ್ಕೆ ಸಂಘಕ್ಕೇ ಬಾಡಿಗೆ ತೆರುವನು. ಅಂದರೆ ಅವನೇ ಬಾಡಿಗೆದಾರ, ಅವನೇ ಪಾಲಿಗೆ ಒಡೆಯ. ಮೊದಲ ಮಹಾಯುದ್ಧದ ದಿನಗಳಲ್ಲಿ ಮನೆಗಳ ಅಭಾವದಿಂದ ಬಾಡಿಗೆ ಏರಿ, 1918ರಲ್ಲಿ ಸರ್ಕಾರವೇ ಬಾಡಿಗೆ ನಿಯಂತ್ರಣದ ಕಾನೂನು ತರಬೇಕಾಯಿತೆಂಬುದನ್ನು ನೆನೆದರೆ ಇದರ ಬೆಲೆ ತಿಳಿದೀತು.

ಚಾಳಿಗೂ, ಮುಂಬಯಿಯವರು 'ಬ್ಲಾಕು' ಎನ್ನುವ ಬಿಡಾರಕ್ಕೂ ಭೇದವಿರುವುದು ಗೋಡೆಯ ಅಂದಚಂದದಲ್ಲಲ್ಲ. ಬಾಗಿಲೊಂದನ್ನು ಮುಚ್ಚಿದರೆ ಅಡಿಗೆಮನೆ, ನಲ್ಲಿ, ಬಚ್ಚಲು, ಪಾಯಖಾನೆ ಎಲ್ಲವೂ ಒಳಗೇ ಉಳಿಯುವುದೇ ನಿಜವಾದ ಭೇದ. ನಸುಕಿನಲ್ಲೆದ್ದು ಬಿಂದಿಗೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ಹೆಂಗಸಿಗೆ ಇದು ಸಣ್ಣ ಮಾತಲ್ಲ. ಆದರೆ ಮಡಿವಂತರಿಗೆ ಇದೇ ಇಕ್ಕಟ್ಟಾಯಿತು: ಹಿತ್ತಿಲಾಚೆ ಇರಬೇಕಾದುದು ದೇವರ ಕೋಣೆಯ ಮಗ್ಗುಲಿಗೇ ಬರುವುದೆಂದರೇನು! ಆದ್ದರಿಂದಲೇ ಮುಂಬಯಿಯ ಹಲವು ಹಳೆಯ ಕಟ್ಟಡಗಳಲ್ಲಿ ಪಾಯಖಾನೆ ಹಿಂಬದಿಯ ಅಂಚಿಗೆ ಸರಿದಿತ್ತು. ಜಾಡಮಾಲಿ ಮನೆಯೊಳಗೆ ಹಾಯದೆ ಬರಲೆಂದು ಹಿಂದೆ ಬೇರೊಂದು ಮೆಟ್ಟಿಲು. ಒಳಚರಂಡಿಯ ಕೊಳವೆ ಬಂದರೂ ಆ ಮೆಟ್ಟಿಲು ಬೇಗ ಮಾಯವಾಗಲಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಗಾಮದೇವಿಯ ಸಹಕಾರ ಒಂದು ಸಮಾಜದೊಳಗಿನ ಸಹಕಾರ. ಪರಸ್ಪರ ಪರಿಚಯ, ಅಕ್ಷರಜ್ಞಾನ, ತಿಂಗಳ ಸಂಬಳ ಈ ಮೂರೂ ಇದ್ದವರಿಗೆ ಅದು ಸಾಧ್ಯವಾಯಿತು. ಗಿರಣಿಯ ಕೂಲಿಗಾರನಿಗೆ ಇವು ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಅವನಂಥವರಿಗಾಗಿ 1920ರ ದಶಕದಲ್ಲಿ ವರ್ಲಿ, ನಾಯಗಾಂವ್, ಶಿವಡಿ, ಡಿಲೈಲ್ ರಸ್ತೆಗಳಲ್ಲಿ ಸರ್ಕಾರದ ಅಭಿವೃದ್ಧಿ ಇಲಾಖೆ ಕಾಂಕ್ರೀಟಿನ 207 ಚಾಳುಗಳನ್ನೆಬ್ಬಿಸಿತು. ಪ್ಲೇಗು ಬಂದು ಕಾಲು ಶತಮಾನವಾದ ಮೇಲೂ, ಕೈಯಲ್ಲಿ ಅಧಿಕಾರ, ಹಣ, ಸಿಮೆಂಟು ಎಲ್ಲವೂ ಇದ್ದು, ಅಲ್ಲಿ ಒಂದು ಕುಟುಂಬಕ್ಕೆ ಕೊಟ್ಟದ್ದು ಸುಮಾರು 160 ಚದರಡಿಯ ಒಂದು ಖೋಲಿ; ಪಾಯಖಾನೆ ಮತ್ತೆ ಹೊರಗೆ, ಮಹಡಿಗೆಲ್ಲ ಸೇರಿ.

ತಾಲ್ಮಕಿಯವರ ಹೆಸರು ತಾರದೇವದ ತಾಲ್ಮಕಿವಾಡಿಯಲ್ಲಿ ಉಳಿದಿದೆ. ಗಾಮದೇವಿಯ ಸಂಘಕ್ಕೆ 2015ರಲ್ಲಿ ನೂರು ವರ್ಷ ತುಂಬಿತು.