ಜಪಾನೀ ಖಡ್ಗದ ಹಿಡಿಯೊಳಗೆ

ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದ ದಿನ ಛದ್ಮವೇಷ ಸ್ಪರ್ಧೆ ನಡೆಯುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಜಪಾನಿನ ಸಮುರಾಯ್ ವೀರನಾಗಿ ವೇದಿಕೆಗೆ ಬಂದ. ಅಮ್ಮನ ಕಪ್ಪು ಸೀರೆಯನ್ನು ಕಚ್ಚೆಯಂತೆ ಉಟ್ಟು, ಸೊಂಟದಲ್ಲಿ ಕರಿಯ ಒರೆಯ ಖಡ್ಗ ಸಿಕ್ಕಿಸಿಕೊಂಡು ಬಂದವನನ್ನು ಕಂಡು ಸಭೆ ಚಪ್ಪಾಳೆ ತಟ್ಟಿತು. ಖಡ್ಗ ರಟ್ಟಿನದಿರಬೇಕೆಂದು ನಾವು ತಿಳಿದಿದ್ದೆವು. ಮುಟ್ಟಿ ನೋಡದೆ ಬಿಟ್ಟದ್ದು ನಮ್ಮ ತಪ್ಪು. ಹುಡುಗ ಅದನ್ನು ಹಿರಿದು ಎರಡು ಬಾರಿ ಬೀಸಿದ. ಮೂರನೆಯ ಬಾರಿ ಬೀಸುವಾಗ ಅವನ ಕೈಯಲ್ಲಿ ಹಿಡಿ ಮಾತ್ರ ಉಳಿಯಿತು. ಅಲಗು ಹಾರಿ ವೇದಿಕೆಯ ಅಂಚಿನ ಹಲಗೆಗೆ ಬಡಿದು ಬಿತ್ತು. ಅಲ್ಲಿಂದ ಎರಡು ಮೊಳ ಆಚೆಗೆ ಚಾಪೆಯ ಮೇಲೆ ಪುಟ್ಟ ಮಕ್ಕಳು ಸಾಲಾಗಿ ಕುಳಿತಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಖಡ್ಗವನ್ನು ಹುಡುಗನ ಸೋದರಮಾವ ಪರದೇಶದಿಂದ ರಜೆಯಲ್ಲಿ ಬರುವಾಗ ತಂದದ್ದಂತೆ. ಅವರೂ ನಮ್ಮ ಹಳೆಯ ವಿದ್ಯಾರ್ಥಿಯೇ. ಮರುದಿನ ಅವರನ್ನೂ ಕರೆದುಕೊಂಡು, ಮುರಿದ ಎರಡು ತುಂಡುಗಳನ್ನು ಗೋಣಿಯಲ್ಲಿ ಸುತ್ತಿ, ಊರಿನ ಆಚಾರಿಯವರ ಕುಲುಮೆಗೆ ಹೋದೆವು. ಅಡಕೆ ತೋಟದ ಕತ್ತಿಯಿಂದ ಹಿಡಿದು ಭೂತದ ಕಡ್ತಲೆಯ ತನಕ ಅವರ ಕೈ ಸೋಕದ ಕಬ್ಬಿಣ ನಮ್ಮ ಸುತ್ತಿನಲ್ಲಿ ಕಡಿಮೆ. ಅವರು ಅಲಗಿನ ಹೊಳಪನ್ನು ನೋಡಲೇ ಇಲ್ಲ. ಹಿಡಿಯ ತೂತಿನೊಳಗೆ ಕಣ್ಣಿಟ್ಟು ನೋಡಿ ನಕ್ಕರು.

"ಮಾಷ್ಟ್ರೇ, ಇದಕ್ಕೆ ಬಾಲವೇ ಇಲ್ಲವಲ್ಲ!"

ಅವರು ಹೇಳಿದ್ದು ಕತ್ತಿಯ ಅಲಗು ಹಿಡಿಯೊಳಗೆ ಹೋಗಿ ಕೂರುವ ಭಾಗವನ್ನು. ಈ ಖಡ್ಗದಲ್ಲಿ ಅಗಲವಾದ ಅಲಗು ಹಿಡಿಯ ಬಾಯಿಗೆ ಬಂದೊಡನೆ ಮುಗಿದಿತ್ತು. ಅಲ್ಲಿಂದ ಮುಂದಕ್ಕೆ ಕಿರುಬೆರಳಿಗಿಂತ ಸಪುರದ ಒಂದು ಸಲಾಕೆಯನ್ನು ಬೆಸುಗೆ ಹಾಕಿ, ಹಿಡಿಯ ತುದಿಯಲ್ಲಿ ನಟ್ಟು ಬಿಗಿದಿದ್ದರು. ಬೀಸುವಾಗಿನ ಎಲ್ಲ ಎಳೆತವೂ ಆ ಬೆಸುಗೆಯ ಮೇಲೆ ಬಿದ್ದು ಅದು ಮುರಿದಿತ್ತು. ಇಲಿಬಾಲದ ಖಡ್ಗ ಎಂದು ಇಂಥದ್ದಕ್ಕೆ ಹೊರದೇಶಗಳಲ್ಲಿ ಹೆಸರುಂಟು. ಆಚಾರಿಯವರು ಬಳಿಕ ಅರ ತೆಗೆದು ಅಲಗಿನ ಬಾಯಿಗೆ ಒಮ್ಮೆ, ಬೆನ್ನಿಗೆ ಒಮ್ಮೆ ಉಜ್ಜಿದರು. ಎರಡು ಕಡೆಯೂ ಒಂದೇ ತರ ಕಚ್ಚಿತು. "ಸ್ಟೀಲಿನ ತಟ್ಟೆಯ ಜಾತಿ. ಹದವೂ ಇಲ್ಲ, ಕಡುವೂ ಇಲ್ಲ," ಎಂದು ಬದಿಗಿಟ್ಟರು.

ಇಂದು ಅಂಗಡಿಗಳಲ್ಲೂ ಮೊಬೈಲಿನ ಮಾರಾಟದಲ್ಲೂ ಸಮುರಾಯ್ ಖಡ್ಗವೆಂಬ ಹೆಸರಿನಲ್ಲಿ ಸಿಗುವ ಅಗ್ಗದ ಸರಕಿನಲ್ಲಿ ಬಹಳಷ್ಟು ಇದೇ ಬಗೆಯದು. ತುಕ್ಕು ಹಿಡಿಯದ ಸ್ಟೀಲಿನಿಂದ ಅಡುಗೆಯ ಚಾಕು ಮಾಡಬಹುದು. ಎರಡಡಿಗಿಂತ ಉದ್ದದ ಅಲಗು ಮಾಡಿ ಬಲವಾಗಿ ಬೀಸಿದರೆ ಅದು ಬಾಗಿಯೋ ಮುರಿದೋ ಹೋಗುವುದೇ ಹೆಚ್ಚು. ಗೋಡೆಗೆ ತೂಗುಹಾಕಲು ಅಡ್ಡಿಯಿಲ್ಲ. ಕೈಯಲ್ಲಿ ಹಿಡಿದು ಬೀಸಿದರೆ ಅದು ಹಿಡಿದವನಿಗೂ ಎದುರು ಕುಳಿತವರಿಗೂ ಅಪಾಯ.

ಹಾಗಾದರೆ ನಿಜವಾದ ಜಪಾನೀ ಖಡ್ಗವೆಂದರೆ ಯಾವುದು? ಸೋದರಮಾವನ ಪ್ರಶ್ನೆಯೂ ಅದೇ ಆಗಿತ್ತು. ಅಂದಿನಿಂದ ಓದಿ, ಕೇಳಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಜಪಾನಿನ ಶಿಮಾನೆ ಪ್ರಾಂತದ ಒಕುಇಜುಮೊ ಎಂಬಲ್ಲಿ ಇಂದಿಗೂ ಚಳಿಗಾಲದಲ್ಲಿ ಮಣ್ಣಿನ ಕುಲುಮೆ ಕಟ್ಟಿ, ಕಬ್ಬಿಣದ ಮರಳನ್ನು ಇದ್ದಿಲಿನೊಡನೆ ಮೂರು ಹಗಲು ಮೂರು ರಾತ್ರಿ ಕಾಯಿಸುತ್ತಾರೆ. ತತಾರ ಎಂಬ ಈ ಪದ್ಧತಿ ಯುದ್ಧಾನಂತರ ನಿಂತುಹೋಗಿತ್ತು. ಜಪಾನೀ ಖಡ್ಗಕಲೆಯ ರಕ್ಷಣೆಗಾಗಿ 1948ರಲ್ಲಿ ಹುಟ್ಟಿದ ಸಂಘವೊಂದು 1977ರಲ್ಲಿ ಅದನ್ನು ಪುನಃ ಹೊತ್ತಿಸಿತು. ಒಂದು ಸರದಿಗೆ ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ಬೇಕು. ಕೊನೆಗೆ ಕುಲುಮೆಯನ್ನೇ ಒಡೆದು ತೆಗೆಯುವ ಗಟ್ಟಿ ಸುಮಾರು ಎರಡೂವರೆ ಟನ್. ಅದರೊಳಗೂ ಖಡ್ಗಕ್ಕೆ ಯೋಗ್ಯವಾದ ತಮಹಗನೆ ಎಂಬ ಉಕ್ಕು ಒಂದು ಟನ್ನಿಗಿಂತ ಕಡಿಮೆ. ನಮ್ಮ ಮೈಸೂರು ಸೀಮೆಯಲ್ಲೂ ಹಿಂದೆ ಉಕ್ಕು ಮಾಡುತ್ತಿದ್ದರು. ಆದರೆ ಅದು ಮಣ್ಣಿನ ಮೂಸೆಯಲ್ಲಿ ಕರಗಿಸಿದ ಉಕ್ಕು, ದಾರಿಯೇ ಬೇರೆ. ಯುರೋಪಿನವರು ಅದನ್ನು ವೂಟ್ಜ್ ಎಂದು ಕರೆದರು. ಆ ಮಾತು ನಮ್ಮ ಉಕ್ಕು ಎಂಬ ಶಬ್ದದಿಂದಲೇ ಹೋದದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ.

ತಮಹಗನೆಯಲ್ಲಿ ಇಂಗಾಲ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ನಡುವೆ ಕಿಟ್ಟ ಬೇರೆ. ಆದ್ದರಿಂದ ಕಮ್ಮಾರ ಅದನ್ನು ಕಾಯಿಸಿ, ಬಡಿದು, ಮಡಚಿ, ಪುನಃ ಬಡಿಯುತ್ತಾನೆ. ಹತ್ತು ಬಾರಿ ಮಡಚಿದರೆ ಪದರಗಳ ಸಂಖ್ಯೆ ಸಾವಿರ ದಾಟುತ್ತದೆ (ಗಣಿತದ ಮಕ್ಕಳು ಲೆಕ್ಕ ಹಾಕಿ ನೋಡಲಿ). ಮಡಚುವುದು ಉಕ್ಕನ್ನು ಶುದ್ಧಮಾಡಿ ಸಮ ಮಾಡುವುದಕ್ಕೆ. ಅಗ್ಗದ ಖಡ್ಗ ಮಾರುವವರು ಇದನ್ನೇ ಹಿಡಿದುಕೊಂಡು "ಸಾವಿರ ಪದರದ ಉಕ್ಕು" ಎಂದು ಕೂಗುತ್ತಾರೆ. ಇಂದಿನ ಕಾರ್ಖಾನೆಯ ಉಕ್ಕು ಮೊದಲೇ ಸಮನಾಗಿರುತ್ತದೆ. ಅದನ್ನು ಮಡಚಿದರೆ ಮೈಮೇಲೆ ಮರದ ಎಳೆಯಂಥ ಚಿತ್ತಾರ ಬರುತ್ತದೆಯೇ ಹೊರತು ಬಲ ಬರುವುದಿಲ್ಲ. ಕೆಲಸ ಕೆಟ್ಟಿದ್ದರೆ ಪದರಗಳ ನಡುವೆ ಬಿರುಕೇ ಉಳಿದುಬಿಡಬಹುದು.

ಆ ಖಡ್ಗದ ನಿಜವಾದ ಗುಟ್ಟು ಹದದಲ್ಲಿದೆ. ಅಲಗಿನ ಬೆನ್ನಿಗೆ ದಪ್ಪವಾಗಿಯೂ ಬಾಯಿಗೆ ತೆಳ್ಳಗೂ ಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದುತ್ತಾರೆ. ತೆಳು ಮಣ್ಣಿನ ಬಾಯಿ ತಟ್ಟನೆ ತಣಿದು ಗಾಜಿನಂತೆ ಗಡುಸಾಗುತ್ತದೆ. ದಪ್ಪ ಮಣ್ಣಿನ ಬೆನ್ನು ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಗಡುಸಾದ ಉಕ್ಕು ತುಸು ಹಿಗ್ಗುವುದರಿಂದ ಖಡ್ಗದ ಬಾಗು ಆ ಕ್ಷಣದಲ್ಲಿ ಹೆಚ್ಚುತ್ತದೆ. ಎಷ್ಟೋ ಅಲಗುಗಳು ಅಲ್ಲೇ ಸೀಳಿಯೂ ಹೋಗುತ್ತವೆ. ಗಡುಸಿಗೂ ಮೆದುವಿಗೂ ನಡುವಿನ ಗಡಿಯಲ್ಲಿ ಕಾಣುವ ಬಿಳಿಯ ಅಲೆಯಂಥ ಗೆರೆಗೆ ಹಾಮೊನ್ ಎಂದು ಹೆಸರು.

ಇಂಥದ್ದು ಅಗ್ಗಕ್ಕೆ ಸಿಗದು. ಜಪಾನಿನಲ್ಲಿ ಖಡ್ಗದ ಕಮ್ಮಾರನಾಗಲು ಕನಿಷ್ಠ ಐದು ವರ್ಷ ಗುರುವಿನ ಬಳಿ ದುಡಿದು ಪರವಾನಿಗೆ ಪಡೆಯಬೇಕು. ಪಡೆದ ಮೇಲೂ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಉದ್ದ ಖಡ್ಗ ಮಾಡುವಂತಿಲ್ಲ. ಬೆಲೆ ಲಕ್ಷಗಳಲ್ಲಿ. ಆದ್ದರಿಂದ ನೂರು ಡಾಲರಿಗೆ, ಇನ್ನೂರು ಡಾಲರಿಗೆ ತಮಹಗನೆಯ ಖಡ್ಗವೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಮೇಲು.

ಆದರೂ ಅಗ್ಗದ ಖಡ್ಗವೆಲ್ಲ ಮೋಸವೆಂದು ನಾವು ಹೇಳುವುದಿಲ್ಲ. ಜಪಾನಿನಲ್ಲೇ 16ನೆಯ ಶತಮಾನದ ಅಂತಃಕಲಹದ ಕಾಲದಲ್ಲಿ ಬಿಝೆನ್, ಮಿನೊ ಪ್ರಾಂತಗಳ ಕುಲುಮೆಗಳು ಕಾಲಾಳುಗಳಿಗಾಗಿ ರಾಶಿಗಟ್ಟಲೆ ಸಾದಾ ಖಡ್ಗ ಬಡಿದು ಕೊಡುತ್ತಿದ್ದವು. ಅದಕ್ಕೂ ಹಿಂದೆ 15ನೆಯ ಶತಮಾನದಲ್ಲಿ ಜಪಾನಿನಿಂದ ಚೀನಕ್ಕೆ ಖಡ್ಗಗಳು ಸಾವಿರಗಟ್ಟಲೆ ಹಡಗೇರಿ ಹೋಗುತ್ತಿದ್ದವು. ಇಂದು ದಿಕ್ಕು ತಿರುಗಿದೆ. ಲೋಕಕ್ಕೆಲ್ಲ ಜಪಾನೀ ಮಾದರಿಯ ಅಗ್ಗದ ಖಡ್ಗ ಹೋಗುವುದು ಬಹುಮಟ್ಟಿಗೆ ಚೀನದ ಝೆಜಿಯಾಂಗ್ ಪ್ರಾಂತದ ಲಾಂಗ್‌ಚುವಾನ್ ಪಟ್ಟಣದಿಂದ. ಅದೂ ಖಡ್ಗಕ್ಕೆ ಪುರಾತನ ಕಾಲದಿಂದ ಹೆಸರಾದ ಊರೇ. ಅಲ್ಲಿನ ಸರಕನ್ನು ಜಪಾನಿನೊಳಗೆ ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲವೆಂಬುದು ಬೇರೆ ಮಾತು. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಸೇನೆಯೂ ಕಾರ್ಖಾನೆಯ ಅಲಗನ್ನೇ ಹಂಚಿತು. 1935ರ ಮಾದರಿಯ ಕೆಳದರ್ಜೆಯ ಅಧಿಕಾರಿಗಳ ಖಡ್ಗಕ್ಕೆ ಎರಕದ ಲೋಹದ ಹಿಡಿ, ಅದಕ್ಕೆ ದಾರ ಸುತ್ತಿದಂತೆ ಕಾಣಲು ಬಣ್ಣ, ಅಲಗಿನ ಮೇಲೆ ಒತ್ತಿದ ಕ್ರಮಸಂಖ್ಯೆ. 1945ರಲ್ಲಿ ಬರ್ಮಾ, ಮಲಯಗಳಲ್ಲಿ ಶರಣಾದ ಜಪಾನೀಯರು ಬ್ರಿಟಿಷ್ ಮತ್ತು ಭಾರತೀಯ ಪಡೆಗಳಿಗೆ ಒಪ್ಪಿಸಿದ ಖಡ್ಗಗಳಲ್ಲಿ ಇಂಥ ಕಾರ್ಖಾನೆಯ ಅಲಗುಗಳೂ ಇದ್ದವು, ವಂಶದಿಂದ ಬಂದ ಹಳೆಯ ಅಲಗುಗಳೂ ಇದ್ದವು.

ಹಾಗಾದರೆ ಇನ್ನೂರು ಮುನ್ನೂರು ಡಾಲರಿನ ಖಡ್ಗವನ್ನು ಪರೀಕ್ಷಿಸುವುದು ಹೇಗೆ? ಆಚಾರಿಯವರು ಮಾಡಿದಂತೆ ಹಿಡಿಯಿಂದಲೇ ಆರಂಭಿಸಬೇಕು. ಸರಿಯಾದ ಖಡ್ಗದ ಬಾಲ ಅಲಗಿನದೇ ಮುಂದುವರಿಕೆ. ಅದು ಬೇರೆ ತುಂಡಲ್ಲ. ಅಗಲವಾಗಿ ಬಂದು ಮೆಲ್ಲನೆ ಸಪುರಾಗುತ್ತ ಹಿಡಿಯ ಮುಕ್ಕಾಲು ಪಾಲು ಒಳಗೆ ಹೋಗಿರಬೇಕು. ಅದನ್ನು ಹಿಡಿಗೆ ಬಂಧಿಸುವುದು ನಟ್ಟಲ್ಲ, ಅಂಟೂ ಅಲ್ಲ; ಅಡ್ಡಕ್ಕೆ ತೂರಿಸಿದ ಒಂದು ಬಿದಿರಿನ ಗೂಟ. ಇಷ್ಟು ದೊಡ್ಡ ಖಡ್ಗಕ್ಕೆ ಬಿದಿರಿನ ತುಂಡೇ ಎಂದು ಸೋದರಮಾವ ಬೆರಗಾದರು. ಬಿದಿರಿನ ನಾರು ಪೆಟ್ಟನ್ನು ತಾಳಿಕೊಳ್ಳುತ್ತದೆ, ಮುರಿಯುವ ಮುನ್ನ ಬಿರಿದು ಸೂಚನೆ ಕೊಡುತ್ತದೆ. ಗೂಟ ಹೊರಡಿಸಿದರೆ ಹಿಡಿ ಕಳಚಿ ಇಡೀ ಬಾಲ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಕೊಳ್ಳುವವರು ಹಿಡಿ ಕಳಚಿದ ಬಾಲದ ಚಿತ್ರವನ್ನು ಕೇಳಿ ತರಿಸಬೇಕು. ಕೊಡಲೊಪ್ಪದ ವ್ಯಾಪಾರಿಯಿಂದ ಕೊಳ್ಳಬಾರದು. ಹಿಡಿಯ ಮರ ಒಡೆದಿರಬಾರದು. ಮರದ ಮೇಲೆ ತೊರಕೆ ಮೀನಿನ ಒರಟು ಚರ್ಮ ಹೊದಿಸಿ ದಾರ ಸುತ್ತುವುದು ಕ್ರಮ. ಅಗ್ಗದ್ದರಲ್ಲಿ ಚರ್ಮದ ಬದಲು ಪ್ಲಾಸ್ಟಿಕ್ ಇರುತ್ತದೆ. ದಾರವನ್ನು ಹೆಬ್ಬೆರಳಿನಿಂದ ಒತ್ತಿ ತಳ್ಳಿದರೆ ಸರಿಯಬಾರದು. ಖಡ್ಗವನ್ನು ಮೆಲ್ಲನೆ ಅಲುಗಿಸಿದಾಗ ಎಲ್ಲೂ ಕಟಕಟ ಸದ್ದು ಬರಬಾರದು. ಒರೆಗೆ ಹಾಕಿ, ಕೈ ಕೆಳಗಿಟ್ಟುಕೊಂಡು, ತಲೆಕೆಳಗು ಮಾಡಿದರೆ ಅಲಗು ತಾನಾಗಿ ಜಾರಬಾರದು.

ಇನ್ನು ಉಕ್ಕು. ಈ ಖಡ್ಗಗಳ ವಿವರದಲ್ಲಿ 1045, 1060, 1095 ಎಂಬ ಸಂಖ್ಯೆಗಳಿರುತ್ತವೆ. ಕೊನೆಯ ಎರಡು ಅಂಕಿಗಳು ಇಂಗಾಲದ ಪ್ರಮಾಣ. 1060 ಎಂದರೆ ಶೇಕಡಾ 0.60. ಇಂಗಾಲ ಹೆಚ್ಚಾದಷ್ಟೂ ಬಾಯಿ ಗಡುಸಾಗಬಲ್ಲದು. ಹದ ತಪ್ಪಿದರೆ ಚೂರೇಳುವ ಭಯವೂ ಅಷ್ಟೇ ಹೆಚ್ಚು. ಹದ ಸರಿಯಾದ 1060, ಹದಗೆಟ್ಟ 1095ಕ್ಕಿಂತ ಎಷ್ಟೋ ವಾಸಿ. ಸಿಲಿಕಾನ್ ಬೆರೆಸಿದ 9260 ಎಂಬ ಸ್ಪ್ರಿಂಗ್ ಉಕ್ಕೂ ಉಂಟು. ಅದಕ್ಕೆ ಮೈತುಂಬ ಒಂದೇ ಹದ. ತಪ್ಪು ಕೋನದಲ್ಲಿ ಹೊಡೆದರೂ ಬಾಗಿ ಹಿಂದಕ್ಕೆ ಬರುತ್ತದೆ. ಮಣ್ಣು ಮೆತ್ತಿ ಹದಮಾಡಿದ ಖಡ್ಗದ ಮೆದು ಬೆನ್ನು ಹಾಗಲ್ಲ, ಬಾಗಿದರೆ ಬಾಗಿಯೇ ಉಳಿಯುತ್ತದೆ. ಹೊಸಬರಿಗೆ ಚಂದದ ಹಾಮೊನ್ ಇರುವ ಖಡ್ಗಕ್ಕಿಂತ ಹಾಮೊನ್ ಇಲ್ಲದ ಸ್ಪ್ರಿಂಗ್ ಉಕ್ಕಿನದೇ ಲೇಸೆಂದು ನಮಗೆ ತೋರುತ್ತದೆ. ಹೀಗೆಂದರೆ ಕೊಳ್ಳುವವರ ಮುಖ ಸಪ್ಪಗಾಗುತ್ತದೆ. ಎಲ್ಲರಿಗೂ ಬೇಕಾದದ್ದು ಆ ಬಿಳಿ ಅಲೆ.

ಆ ಅಲೆಯಲ್ಲೇ ದೊಡ್ಡ ಮೋಸವೂ ಇದೆ. ಆಮ್ಲ ಸವರಿಯೋ ತಂತಿಯ ಬ್ರಷ್ಷಿನಿಂದ ಉಜ್ಜಿಯೋ ಹಾಮೊನ್ ಬರೆಯುತ್ತಾರೆ. ಅದನ್ನು ಕಂಡುಹಿಡಿಯಲು ಅಲಗನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಬೇಕು. ನಿಜವಾದದ್ದು ಉಕ್ಕಿನ ಒಳಗಿನಿಂದ ಮಂಜಿನಂತೆ ಕಾಣುತ್ತದೆ, ಅಂಚಿನಲ್ಲಿ ಸಣ್ಣ ಸಣ್ಣ ಹೊಳೆವ ಕಣಗಳಿರುತ್ತವೆ, ಒಂದೆಡೆ ಇದ್ದಂತೆ ಇನ್ನೊಂದೆಡೆ ಇರುವುದಿಲ್ಲ. ಬರೆದದ್ದು ಮೇಲ್ಮೈಯ ಬೂದು ಬಣ್ಣ. ಅಲೆಗಳೆಲ್ಲ ಅಚ್ಚು ಒತ್ತಿದಂತೆ ಒಂದೇ ಸಮ. ಆಮೇಲೆ ಬೆನ್ನಿನ ಮೇಲೆ ಕಣ್ಣೋಡಿಸಿ, ಬಂದೂಕಿನ ಗುರಿ ಹಿಡಿದಂತೆ, ಅಲಗು ನೇರವಿದೆಯೇ ನೋಡಬೇಕು. ಬದಿಯ ಗೆರೆಗಳು ಮೊನೆಯ ತನಕ ಅಲುಗದೆ ಓಡಬೇಕು. ಹರಿತವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಾರದು. ಕಾಗದ ಕತ್ತರಿಸಿ ತೋರಿಸುವುದು ಮಾರಾಟಗಾರರ ಹಳೆಯ ಆಟ. ಸಾಣೆ ಹಿಡಿದರೆ ತಗಡೂ ಕಾಗದ ಕೊಯ್ಯುತ್ತದೆ.

ಬಳಸುವ ಉದ್ದೇಶ ಬೇರೆಯಾದರೆ ಗುಣದ ಲೆಕ್ಕವೂ ಬೇರೆ. ಜಪಾನಿನಲ್ಲೇ ಖಡ್ಗವಿದ್ಯೆ ಕಲಿಯುವ ಬಹಳ ಮಂದಿ ಸತು ಮತ್ತು ಅಲ್ಯುಮಿನಿಯಮ್ ಬೆರಕೆಯ, ಹರಿತವಿಲ್ಲದ ಅಲಗಿನಿಂದ ಅಭ್ಯಾಸ ಮಾಡುತ್ತಾರೆ. ಅದರ ಹಿಡಿ, ಗೂಟಗಳೆಲ್ಲ ಗಟ್ಟಿ. ಒರೆಯಿಂದ ಹಿರಿದು ಗಾಳಿಯಲ್ಲಿ ಬೀಸಲು ಅದು ಉತ್ತಮ, ಯಾವುದಕ್ಕೂ ಹೊಡೆಯುವಂತಿಲ್ಲ. ನಮ್ಮ ದೇಶದಲ್ಲಿ ಖಡ್ಗವೂ 1959ರ ಆಯುಧ ಕಾಯ್ದೆಯೊಳಗೆ ಬರುವುದರಿಂದ, ಹರಿತವಾದದ್ದನ್ನು ತರಿಸುವ ಯೋಚನೆಯಿರುವವರು ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಲಿ. ಇನ್ನು ನಮ್ಮ ಕರಾವಳಿಯ ಮಳೆಗಾಲದಲ್ಲಿ ಇಂಗಾಲದ ಉಕ್ಕಿಗೆ ಒಂದೇ ವಾರದಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಒಣಬಟ್ಟೆಯಿಂದ ಒರಸಿ ತೆಳ್ಳಗೆ ಎಣ್ಣೆ ಸವರುತ್ತಿರಬೇಕು. ಜಪಾನೀಯರ ಖಡ್ಗದ ಎಣ್ಣೆಗೆ ಲವಂಗದ ಪರಿಮಳವಂತೆ.

ಸೋದರಮಾವ ಎಲ್ಲವನ್ನೂ ಕೇಳಿ, ರಜೆ ಮುಗಿಸಿ ಹೋದರು. ಮುರಿದ ಅಲಗನ್ನು ಬೆಸೆದು ಕೊಡಲು ಆಚಾರಿಯವರು ಒಪ್ಪಲಿಲ್ಲ. "ಬೆಸೆದರೆ ಮತ್ತೊಬ್ಬ ಮಗು ಬೀಸುತ್ತದೆ ಮಾಷ್ಟ್ರೇ," ಎಂದರು. ಈ ವರ್ಷದ ಛದ್ಮವೇಷಕ್ಕೆ ಅದೇ ಹುಡುಗ ಪುನಃ ಸಮುರಾಯ್ ಆಗುತ್ತೇನೆಂದು ಹೆಸರು ಕೊಟ್ಟಿದ್ದಾನೆ. ಬಡಗಿಯಿಂದ ಅಡಕೆ ಮರದ ಸೀಳೊಂದನ್ನು ಕೆತ್ತಿಸಿಕೊಂಡು ಬಂದು ನಮಗೆ ತೋರಿಸಿದ. ಹಿಡಿಯೂ ಅಲಗೂ ಒಂದೇ ಮರದ್ದು. ಅಲುಗಿಸಿ ನೋಡಿದೆವು, ಸದ್ದು ಬರಲಿಲ್ಲ.